ಚಳಿಗಾಲದ ಬೀದಿ ಸೇವೆ: ಕಂಬಳಿ ಹಂಚಲು ಹೊರಡುವ ಚರ್ಚ್ ತಂಡಕ್ಕೊಂದು ಕೈಪಿಡಿ

ಕ್ರಿಸ್ಮಸ್ ಹತ್ತಿರ ಬಂದಾಗ ಹೆಚ್ಚುಕಡಿಮೆ ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ಎದ್ದು ‘ಈ ಸಲ ಬೀದಿಯಲ್ಲಿ ಮಲಗುವವರಿಗೆ ಕಂಬಳಿ ಹಂಚೋಣ’ ಅನ್ನುತ್ತಾರೆ. ಹಣ ಸೇರುತ್ತದೆ, ಕಂಬಳಿಯ ಮೂಟೆ ಬರುತ್ತದೆ, ಯೌವನಸ್ಥರ ತಂಡ ಒಂದು ರಾತ್ರಿ ವ್ಯಾನ್ ಹತ್ತಿ ಹೋಗಿ ಹಂಚಿಯೂ ಬರುತ್ತದೆ. ಅದೇ ವಾರ ಅದೇ ಬೀದಿಗೆ ಬೇರೆ ಮೂರು ನಾಲ್ಕು ತಂಡಗಳು ಬಂದು ಹೋಗಿರುತ್ತವೆ. ಒಬ್ಬೊಬ್ಬರ ಬಳಿ ಹೊರಲಾರದಷ್ಟು ಕಂಬಳಿ. ಆಮೇಲೆ ಬರುವುದು ಜನವರಿ, ಫೆಬ್ರವರಿ. ಚಳಿ ಮೂಳೆಗೆ ಇಳಿಯುವ ಹೊತ್ತು. ಆಗ ಯಾರ ಸುಳಿವೂ ಇರುವುದಿಲ್ಲ. (ಭೂಮಿಯ ದಕ್ಷಿಣಾರ್ಧದವರಿಗೆ ಚಳಿಗಾಲ ಶುರುವಾಗುವುದೇ ಜೂನ್‌ನಲ್ಲಿ. ಅಲ್ಲಿ ಕ್ರಿಸ್ಮಸ್ಸಿನ ನೆಪವೂ ಸಿಗುವುದಿಲ್ಲ.)

ಚಳಿಗಾಲ ಪೂರ್ತಿ, ವಾರಕ್ಕೆ ಒಂದೇ ರಾತ್ರಿಯಾದರೂ ಸರಿ, ಅದೇ ಜಾಗಕ್ಕೆ ಅದೇ ಹೊತ್ತಿಗೆ ಹೋಗುತ್ತೇವೆ ಅನ್ನುವ ತಂಡಕ್ಕಾಗಿ ಈ ಕೈಪಿಡಿ. ಯಾರು, ಯಾವಾಗ ಬರುತ್ತಾರೆಂದು ಗೊತ್ತಿದ್ದರೆ ಬೀದಿಯಲ್ಲಿರುವವರು ಕಾಯುತ್ತಾರೆ, ಕಾಲಿನ ಗಾಯ ತೋರಿಸುತ್ತಾರೆ, ಕಳೆದ ವಾರ ಕಾಣದವನು ಎಲ್ಲಿಗೆ ಹೋದನೆಂದು ಹೇಳುತ್ತಾರೆ. ಒಂದೇ ಸಲ ಬಂದು ಹೋದ ಅಪರಿಚಿತರಿಗೆ ಇದನ್ನೆಲ್ಲ ಯಾರೂ ಹೇಳುವುದಿಲ್ಲ.

ಮೊದಲು ವಿಚಾರಿಸಿ

ಆರಂಭದ ಒಂದೆರಡು ವಾರ ಏನನ್ನೂ ಹಂಚಬೇಡಿ. ನೀವು ಹೋಗಬೇಕೆಂದಿರುವ ಪ್ರದೇಶದಲ್ಲಿ ಈಗಾಗಲೇ ಯಾರು ಕೆಲಸ ಮಾಡುತ್ತಿದ್ದಾರೆ ಎಂದು ತಿಳಿದುಕೊಳ್ಳಿ: ಸ್ಥಳೀಯ ಆಡಳಿತದ ತಂಗುದಾಣ, ಬೇರೆ ಚರ್ಚುಗಳು, ಬೇರೆ ಧರ್ಮದವರ ಅನ್ನದಾನ, ಬೀದಿಗಿಳಿದು ನೋಡುವ ನರ್ಸುಗಳು. ಅವರನ್ನು ಕೇಳಬೇಕಾದ ಪ್ರಶ್ನೆ ಒಂದೇ, ‘ಯಾವ ರಾತ್ರಿ, ಯಾವ ಜಾಗಕ್ಕೆ ಯಾರೂ ಹೋಗುತ್ತಿಲ್ಲ?’ ಎಷ್ಟೋ ಸಲ ಸಿಗುವ ಉತ್ತರ ನಮ್ಮ ಹೆಮ್ಮೆಗೆ ಹಿಡಿಸುವುದಿಲ್ಲ. ಹೊಸ ತಂಡ ಬೇಡ, ಇರುವ ತಂಡಕ್ಕೆ ಮಂಗಳವಾರ ಇಬ್ಬರು ಸಾಕು ಅನ್ನುತ್ತಾರೆ. ಹಾಗಂದರೆ ಬ್ಯಾನರ್ ಮಡಿಚಿಟ್ಟು ಇಬ್ಬರನ್ನು ಕಳಿಸಿಕೊಡಿ.

ಸಾರ್ವಜನಿಕ ಜಾಗದಲ್ಲಿ ಆಹಾರ ಹಂಚಲು ಕೆಲವು ನಗರಗಳಲ್ಲಿ ಅನುಮತಿ ಬೇಕು. ಅದನ್ನೂ ಈಗಲೇ ವಿಚಾರಿಸಿಕೊಳ್ಳಿ. ನಡುರಾತ್ರಿ ರಸ್ತೆಯಲ್ಲಿ ನಿಂತು ಪೊಲೀಸರೊಂದಿಗೆ ವಾದಕ್ಕಿಳಿದರೆ ತಣ್ಣಗಾಗುವುದು ಸೂಪು.

ಇದೇ ಹೊತ್ತಿನಲ್ಲಿ ಜೇಬಿನಲ್ಲಿ ಹಿಡಿಸುವ ಒಂದು ಮಾಹಿತಿ ಚೀಟಿ ತಯಾರಿಸಿ. ರೋಮಿನಲ್ಲಿ 1968ರಲ್ಲಿ ಶುರುವಾದ ಸಾಂತ್ ಎಜಿದಿಯೊ ಸಮುದಾಯದವರು ಎಲ್ಲಿ ಉಣ್ಣಬಹುದು, ಎಲ್ಲಿ ಮಲಗಬಹುದು, ಎಲ್ಲಿ ಸ್ನಾನ ಮಾಡಬಹುದು ಎಂದು ತಿಳಿಸುವ ಪುಟ್ಟ ಪುಸ್ತಕವನ್ನು ಹಲವು ವರ್ಷಗಳಿಂದ ಹೊರತರುತ್ತಿದ್ದಾರೆ. ನಿಮ್ಮದು ಒಂದು ಹಾಳೆಯಾದರೆ ಸಾಕು. ಅದರಲ್ಲಿ ತಂಗುದಾಣದ ವಿಳಾಸ ಮಾತ್ರ ಇದ್ದರೆ ಪ್ರಯೋಜನ ಕಡಿಮೆ. ಬಾಗಿಲು ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಗುರುತಿನ ಚೀಟಿ ಕೇಳುತ್ತಾರೋ, ಗಂಡ–ಹೆಂಡತಿಯನ್ನು ಜೊತೆಗೆ ಬಿಡುತ್ತಾರೋ, ನಾಯಿಗೆ ಜಾಗವಿದೆಯೋ, ಕುಡಿದು ಬಂದವರನ್ನು ಸೇರಿಸಿಕೊಳ್ಳುತ್ತಾರೋ ಎಂಬುದೂ ಇರಲಿ. ಪ್ರತಿ ವಾರ ಹೊರಡುವ ದಿನ ಮಧ್ಯಾಹ್ನ ಎಲ್ಲ ಕಡೆಗೂ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಮುಚ್ಚಿದ ಬಾಗಿಲಿನವರೆಗೆ ಊದಿದ ಕಾಲಲ್ಲಿ ನಡೆದು ಹೋಗಿ ವಾಪಸು ಬಂದವರು ನಿಮ್ಮ ಚೀಟಿಯನ್ನು ಮತ್ತೆ ನಂಬುವುದಿಲ್ಲ.

ತಂಡ ಕಟ್ಟುವುದು

ಒಂದು ಗುಂಪಿನಲ್ಲಿ ಮೂವರು ಅಥವಾ ನಾಲ್ವರು. ಹತ್ತು ಜನ ಒಟ್ಟಾಗಿ ಒಬ್ಬ ಮನುಷ್ಯನ ಹಾಸಿಗೆಯ ಸುತ್ತ ನಿಂತರೆ ಅವನಿಗೆ ಅದು ದಾಳಿಯಂತೆಯೇ ಕಾಣುತ್ತದೆ. ಗುಂಪಿನಲ್ಲಿ ಒಬ್ಬ ಮಹಿಳೆಯಾದರೂ ಇರಲಿ. ಬೀದಿಯಲ್ಲಿರುವ ಹೆಂಗಸರು ಗಂಡಸರ ತಂಡವನ್ನು ನೋಡಿದೊಡನೆ ಮರೆಗೆ ಸರಿಯುತ್ತಾರೆ, ಅವರ ಅನುಭವ ಅಂಥದ್ದು. ಮಾತಾಡುವವರು ಒಬ್ಬರು, ಸಾಮಾನು ಹೊರುವವರು ಒಬ್ಬರು, ಸುತ್ತಲೂ ಗಮನ ಇಡುವವರು ಒಬ್ಬರು. ಮೂರನೆಯವರ ಕೆಲಸ ಬೇಜಾರಿನದು ನಿಜ, ಆದರೆ ವಾಹನ ಬರುತ್ತಿದೆಯೇ, ಪಕ್ಕದಲ್ಲಿ ಜಗಳ ಹತ್ತುತ್ತಿದೆಯೇ ಎಂದು ನೋಡಲು ಮಾತಾಡುತ್ತಿರುವವರಿಗೆ ಆಗುವುದಿಲ್ಲ. ಹೊಸಬರು ಮೊದಲ ಕೆಲವು ರಾತ್ರಿ ಹೊರುವ ಕೆಲಸವನ್ನೇ ಮಾಡಲಿ.

ಕೆಲವು ನಿಯಮಗಳಲ್ಲಿ ರಿಯಾಯಿತಿ ಬೇಡ. ಯಾರೂ ಒಬ್ಬರೇ ಹೋಗುವಂತಿಲ್ಲ. ಯಾರನ್ನೂ ಸ್ವಂತ ಮನೆಗೆ ಕರೆದೊಯ್ಯುವಂತಿಲ್ಲ. ಸ್ವಂತ ಫೋನ್ ನಂಬರ್ ಕೊಡುವಂತಿಲ್ಲ. ತಂಡಕ್ಕೆ ಒಂದು ನಂಬರ್ ಇರಲಿ. 18 ತುಂಬದವರು ರಾತ್ರಿ ಪಾಳಿಗೆ ಬೇಡ, ಸಾಮಾನು ಕಟ್ಟಲು ಬರಲಿ. ತಂಡದ ನಾಯಕರು ‘ಹೊರಡೋಣ’ ಅಂದರೆ ಎಲ್ಲರೂ ಹೊರಡಬೇಕು, ಕಾರಣ ಆಮೇಲೆ ಕೇಳಬಹುದು. ಎಲ್ಲರಿಗೂ ಪ್ರಥಮ ಚಿಕಿತ್ಸೆಯ ತರಬೇತಿ ಆಗಿರಬೇಕು. ಭಕ್ತಿ ಇದೆ, ತರಬೇತಿ ಇಲ್ಲ ಅನ್ನುವವರನ್ನು ಮುಂದಿನ ತರಗತಿ ಮುಗಿಯುವವರೆಗೆ ಕಾಯಿಸಿ.

ನಿಮ್ಮ ಬಟ್ಟೆಯೂ ಗಟ್ಟಿಯಾಗಿರಲಿ. ಕರುಣೆ ಉಕ್ಕಿ ತಮ್ಮ ಜಾಕೆಟ್ಟನ್ನೇ ಬಿಚ್ಚಿಕೊಟ್ಟು ನಡುಗುತ್ತಾ ನಿಲ್ಲುವ ಕಾರ್ಯಕರ್ತರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ. ಆಮೇಲೆ ತಂಡ ಅವರನ್ನು ನೋಡಿಕೊಳ್ಳಬೇಕು. ನಾಲ್ಕನೇ ಶತಮಾನದ ಸಂತ ಮಾರ್ಟಿನ್ ಇನ್ನೂ ಸೈನಿಕನಾಗಿದ್ದಾಗ ಆಮಿಯೆನ್ಸ್ ಪಟ್ಟಣದ ಬಾಗಿಲಲ್ಲಿ ಚಳಿಗೆ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಕೊಟ್ಟನೆಂಬ ಕಥೆ ಎಲ್ಲರಿಗೂ ಗೊತ್ತು. ಕೊಟ್ಟದ್ದು ಅರ್ಧ. ಇನ್ನರ್ಧ ಅವನ ಹೆಗಲ ಮೇಲೇ ಇತ್ತು.

ಚೀಲ ತುಂಬುವಾಗ ಪಾದದಿಂದ ಆರಂಭಿಸಿ

ಚಳಿ ಅಂದರೆ ತಣ್ಣನೆಯ ಗಾಳಿ ಎಂದಷ್ಟೇ ನಾವು ತಿಳಿದಿರುತ್ತೇವೆ. ಬೀದಿಯಲ್ಲಿ ದೇಹದ ಶಾಖ ಕದಿಯುವವು ಮೂರು: ಕೆಳಗಿನ ನೆಲ, ಒದ್ದೆ ಬಟ್ಟೆ, ಬೀಸುವ ಗಾಳಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಒದ್ದೆಯಾದವನಿಗೆ 10 ಡಿಗ್ರಿಯ ರಾತ್ರಿಯೂ ಅಪಾಯವೇ, ನೀರು ಹೆಪ್ಪುಗಟ್ಟುವಷ್ಟು ಚಳಿ ಬೇಕಿಲ್ಲ. ಮೇಲೆ ಎರಡು ಕಂಬಳಿ ಹೊದ್ದು ಬರಿಯ ಕಾಂಕ್ರೀಟಿನ ಮೇಲೆ ಮಲಗಿದರೆ ಆ ಕಂಬಳಿಗಳ ಕೆಲಸ ಅರ್ಧಕ್ಕರ್ಧ ವ್ಯರ್ಥ. ಅಡಿಯಲ್ಲಿ ಒಂದು ಫೋಮ್ ಚಾಪೆ, ಅದಿಲ್ಲದಿದ್ದರೆ ದಪ್ಪ ರಟ್ಟಿನ ಎರಡು ಮೂರು ಪದರ ಬೇಕು. ಬಡಾವಣೆಯ ಅಂಗಡಿಗಳು ಬಿಸಾಡುವ ಒಣ ರಟ್ಟು ಕಂಬಳಿಗಿಂತ ಹೆಚ್ಚು ಉಪಕಾರ ಮಾಡುವ ರಾತ್ರಿಗಳಿವೆ.

ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಕಾಲುಚೀಲಕ್ಕೆ. ಶೂ ತೂತಾದವರು ಪ್ಲಾಸ್ಟಿಕ್ ಚೀಲವನ್ನು ಪಾದಕ್ಕೆ ಸುತ್ತಿ, ಅದರ ಮೇಲೆ ಹಳೆಯ ಕಾಲುಚೀಲ ಏರಿಸಿ, ಹಾಗೇ ಶೂ ಹಾಕಿಕೊಂಡು ಮಲಗುತ್ತಾರೆ. ಕಳಚಿಟ್ಟರೆ ಬೆಳಗ್ಗೆ ಶೂ ಇರುವುದಿಲ್ಲವಲ್ಲ. ಹೊರಗಿನ ನೀರು ಒಳಗೆ ಬರುವುದಿಲ್ಲ, ಒಳಗಿನ ಬೆವರು ಹೊರಗೆ ಹೋಗುವುದಿಲ್ಲ. ಶೂ ಬಿಚ್ಚಿಸಿದಾಗ ಪಾದ ಊದಿ, ಚರ್ಮ ಸುಕ್ಕುಗಟ್ಟಿ ಬಿಳಚಿಕೊಂಡಿರುತ್ತದೆ; ಮುಟ್ಟಿದರೆ ಅವರಿಗೆ ಗೊತ್ತಾಗುವುದಿಲ್ಲ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರನ್ನು ಕಾಡಿದ ಕಾಯಿಲೆಯೇ ಇದು. 15 ಡಿಗ್ರಿಯ ಆಸುಪಾಸಿನಲ್ಲೂ, ಪಾದ ಒಂದು ರಾತ್ರಿಯಿಡೀ ಒದ್ದೆಯಾಗಿದ್ದರೆ ಸಾಕು, ಬಂದುಬಿಡುತ್ತದೆ. ತೊಳೆದು, ಒತ್ತಿ ಒರೆಸಿ, ಗಾಳಿಗೆ ಒಣಗಿಸಿ, ಒಣ ಕಾಲುಚೀಲ ಹಾಕಿಸಿ. ಬಣ್ಣ ಮರಳದಿದ್ದರೆ, ಗುಳ್ಳೆ ಅಥವಾ ವಾಸನೆ ಇದ್ದರೆ ವೈದ್ಯರ ಬಳಿಗೇ. ಒಬ್ಬರಿಗೆ ಒಂದು ಜೊತೆ ಕೊಟ್ಟರೆ ಸಾಲದು, ಎರಡು ಕೊಡಿ: ಒಂದು ಕಾಲಿಗೆ, ಒಂದು ಒಣಗಿಸಿ ಇಟ್ಟುಕೊಳ್ಳಲು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಉಣ್ಣೆ ಅಥವಾ ಫ್ಲೀಸ್ ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತದೆ, ಹತ್ತಿ ಇಡುವುದಿಲ್ಲ. ಟೋಪಿ, ಕೈಗವಸು, ಮಳೆಯಂಗಿ, ಹೊಸ ಒಳಉಡುಪು, ಸ್ಯಾನಿಟರಿ ಪ್ಯಾಡ್, ತುಟಿಗೆ ಹಚ್ಚುವ ಮುಲಾಮು. ಬಟ್ಟೆ ದೊಡ್ಡ ಅಳತೆಯದಿರಲಿ, ಒಂದರ ಮೇಲೊಂದು ಹಾಕಿಕೊಳ್ಳಲು ಅನುಕೂಲ. ಬಣ್ಣ ಗಾಢವಿರಲಿ, ರಾತ್ರಿ ಯಾರ ಕಣ್ಣಿಗೂ ಬೀಳದೆ ಮಲಗಬೇಕೆನ್ನುವವರೇ ಹೆಚ್ಚು. ಆಲ್ಕೋಹಾಲ್ ಇರುವ ಸ್ಯಾನಿಟೈಸರ್, ಮೌತ್‌ವಾಶ್ ಬೇಡ, ಕುಡಿಯುವ ಚಟದವರ ಕೈಗೆ ಅದು ಬೇರೆಯೇ ವಸ್ತು. ಬೆಳ್ಳಿಯಂತೆ ಹೊಳೆಯುವ ತುರ್ತು ಹಾಳೆಗಳು ಜೇಬಿನಲ್ಲಿರಲಿ, ಆದರೆ ಬರಿಯ ನೆಲದ ಮೇಲೆ ಅದೊಂದನ್ನೇ ಸುತ್ತಿಕೊಂಡವರಿಗೆ ಅದರಿಂದ ಹೆಚ್ಚು ಉಪಯೋಗವಿಲ್ಲ.

ಇದನ್ನೆಲ್ಲ ಸಭೆಯಿಂದ ಕೇಳುವುದಕ್ಕೂ ಒಂದು ಬಗೆಯಿದೆ. ‘ಏನಾದರೂ ಕೊಡಿ’ ಅಂದರೆ ಮದುವೆಗೆ ಹೊಲಿಸಿದ ಕೋಟು, ಎತ್ತರದ ಹಿಮ್ಮಡಿಯ ಚಪ್ಪಲಿ, ಆಟದ ಸಾಮಾನು ಎಲ್ಲ ಬರುತ್ತದೆ. 1954ರ ಫೆಬ್ರವರಿ 1ರಂದು ಫ್ರಾನ್ಸಿನ ಪಾದ್ರಿ ಅಬ್ಬೆ ಪಿಯೆರ್ ರೇಡಿಯೊದಲ್ಲಿ ಮಾತಾಡಿದರು. ಮನೆಯಿಂದ ಹೊರಹಾಕಿಸಿಕೊಂಡ ಒಬ್ಬ ಹೆಂಗಸು ಆ ನಸುಕಿನಲ್ಲಿ ಪ್ಯಾರಿಸ್ಸಿನ ಬೀದಿಯಲ್ಲಿ ಚಳಿಗೆ ಸತ್ತಿದ್ದಳು, ಹೊರಹಾಕಿದ ಆದೇಶದ ಕಾಗದ ಅವಳ ಕೈಯಲ್ಲೇ ಇತ್ತು. ಅಷ್ಟು ಹೇಳಿ ಅವರು ಮರುಕದ ಮಾತಿನಲ್ಲೇ ನಿಲ್ಲಲಿಲ್ಲ. 5,000 ಕಂಬಳಿ, 300 ದೊಡ್ಡ ಟೆಂಟು, 200 ಒಲೆ ಬೇಕು ಎಂದು ಲೆಕ್ಕ ಕೊಟ್ಟು, ಎಲ್ಲಿಗೆ ತಂದುಕೊಡಬೇಕೆಂದು ವಿಳಾಸ ಹೇಳಿದರು. ಜನ ಮುಗಿಬಿದ್ದು ತಂದುಕೊಟ್ಟರು. ನಿಮ್ಮ ಭಾನುವಾರದ ಪ್ರಕಟಣೆಯೂ ಹಾಗಿರಲಿ: ದಪ್ಪ ಉಣ್ಣೆಯ ಕಾಲುಚೀಲ ಇಷ್ಟು ಜೊತೆ, ಇಂಥ ಅಳತೆಯದು, ಹೊಸದೇ, ಬುಧವಾರದೊಳಗೆ.

ಊಟ, ಬಿಸಿ ಪಾನೀಯ

ಬಹಳ ಜನರಿಗೆ ಹಲ್ಲಿನ ತೊಂದರೆ ಇರುತ್ತದೆ, ಅಗಿಯದೆ ನುಂಗಬಹುದಾದ ಮೆತ್ತನೆಯ ಬಿಸಿ ಊಟ ಒಳ್ಳೆಯದು. ಬಿಸಿಯಾಗಿ ಒಯ್ಯುವ ಆಹಾರ 60 ಡಿಗ್ರಿಗಿಂತ ಮೇಲೇ ಇರಬೇಕು. ಬೇಯಿಸಿದ್ದನ್ನು ಹೊರಗಿಟ್ಟು ಎರಡು ಗಂಟೆ ಕಳೆದರೆ ಹಂಚಬೇಡಿ. ಹೊಟ್ಟೆ ಕೆಟ್ಟರೆ ನಮಗಾದರೆ ಮನೆಯಲ್ಲೇ ಶೌಚಾಲಯವಿದೆ. ಸಕ್ಕರೆ ಬೇರೆ ಇಡಿ, ಮಧುಮೇಹ ಇರುವವರು ಕೇಳಿ ಹಾಕಿಸಿಕೊಳ್ಳಲಿ. ಹಲವು ದಿನ ಏನೂ ತಿಂದಿಲ್ಲ ಅನ್ನುವವರಿಗೆ ಒಮ್ಮೆಲೇ ಹೊಟ್ಟೆತುಂಬ ಬಡಿಸುವುದು ಅಪಾಯ. ಸ್ವಲ್ಪ ಕೊಟ್ಟು, ವೈದ್ಯರಿಗೆ ತೋರಿಸುವ ದಾರಿ ನೋಡಿ.

ಸಣ್ಣದೊಂದು ಮಾತು. ಚಳಿಗೆ ಮರಗಟ್ಟಿದ ಬೆರಳುಗಳಿಂದ ಪ್ಯಾಕೆಟ್ ಹರಿಯಲು, ಬಿಗಿಯಾದ ಮುಚ್ಚಳ ತೆಗೆಯಲು ಆಗುವುದಿಲ್ಲ. ಹಾಗೆಂದು ಹೇಳಿಕೊಳ್ಳಲು ಅವರಿಗೆ ನಾಚಿಕೆ. ‘ಆಮೇಲೆ ತಿಂತೀನಿ’ ಎಂದು ಪಕ್ಕಕ್ಕಿಡುತ್ತಾರೆ. ಮುಚ್ಚಳ ಸಡಿಲಿಸಿ ಕೊಡಿ. ಲೋಟವನ್ನು ಮುಕ್ಕಾಲಿಗೆ ತುಂಬಿಸಿ, ನಡುಗುವ ಕೈಯಿಂದ ತುಳುಕಿದ್ದು ತೊಡೆಯ ಮೇಲೆ ಬಿದ್ದರೆ ಬಟ್ಟೆಯೂ ಒದ್ದೆ.

ಹತ್ತಿರ ಹೋಗುವ ಬಗೆ

ರಸ್ತೆ ಬದಿಯ ಆ ಆರಡಿ ಜಾಗ ಅವರ ಮಲಗುವ ಕೋಣೆ. ಬಾಗಿಲಿಲ್ಲದಿದ್ದರೂ ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು. ದೂರದಲ್ಲೇ ನಿಂತು, ತಲೆಯ ಕಡೆಯಿಂದಲ್ಲದೆ ಕಾಲಿನ ಕಡೆಯಿಂದ, ಸಹಜ ಧ್ವನಿಯಲ್ಲಿ ಮಾತಾಡಿ. ಟಾರ್ಚು ನೆಲದ ಕಡೆ ಇರಲಿ, ಮುಖದ ಮೇಲೆ ಬೇಡ.

‘ನಮಸ್ಕಾರ, ಚರ್ಚಿನಿಂದ ಬಂದಿದ್ದೀವಿ. ಬಿಸಿ ಸೂಪು ಇದೆ, ಬೇಕಾ?’

ಉತ್ತರ ಬರದಿದ್ದರೆ ಇನ್ನೊಮ್ಮೆ. ‘ಹೋಗ್ರೀ’ ಅಂದರೆ ‘ಆಯ್ತು, ಮುಂದಿನ ಗುರುವಾರ ಇದೇ ಹೊತ್ತಿಗೆ ಬರ್ತೀವಿ’ ಎಂದು ಹೇಳಿ ಹೋಗಿಬಿಡಿ. ಕೆಲವರು ಎಷ್ಟೋ ವಾರ ಬೇಡ ಅಂದು, ಒಂದು ದಿನ ತಾವಾಗಿಯೇ ಲೋಟ ಚಾಚುತ್ತಾರೆ. ಬೇಕು ಅಂದರೆ ಕುಕ್ಕರಗಾಲಲ್ಲಿ ಕುಳಿತು, ಅವರ ಕಣ್ಣಿನ ಮಟ್ಟಕ್ಕೆ ಇಳಿದು ಮಾತಾಡಿ. ನಿಮ್ಮ ಹೆಸರು ಹೇಳಿ; ಅವರ ಹೆಸರನ್ನು ಅವರಾಗಿಯೇ ಹೇಳಿದರೆ ನೆನಪಿಟ್ಟುಕೊಳ್ಳಿ. ‘ನೀವು ಇಲ್ಲಿಗೆ ಹೇಗೆ ಬಂದಿರಿ?’ ಎಂದು ಕೇಳಬೇಡಿ. ಒಂದು ಲೋಟ ಸೂಪಿಗೆ ಬದಲಾಗಿ ಯಾರೂ ತಮ್ಮ ಬದುಕಿನ ಕಥೆ ಒಪ್ಪಿಸಬೇಕಾಗಿಲ್ಲ.

ಏನು ಬೇಕು ಎಂದು ಕೇಳದೆ ಕೈಗೆ ತುರುಕುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಯೆರಿಕೋವಿನ ದಾರಿಯಲ್ಲಿ ಕೂತಿದ್ದ ಬಾರ್ತಿಮಾಯ ಕುರುಡ ಎಂಬುದು ನೋಡಿದವರಿಗೆಲ್ಲ ಗೊತ್ತಿತ್ತು. ಆದರೂ ಯೇಸು ಅವನನ್ನು, ನಿನಗೆ ನಾನು ಏನು ಮಾಡಬೇಕು ಎಂದು ಕೇಳಿದ ಎಂದು ಮಾರ್ಕನ ಹತ್ತನೇ ಅಧ್ಯಾಯದಲ್ಲಿದೆ. ನಾವು ಕಂಬಳಿ ಹಿಡಿದು ನಿಂತಾಗ ಎದುರಿನವರಿಗೆ ಬೇಕಾದದ್ದು ಕನ್ನಡಕ, ಫೋನ್ ಚಾರ್ಜ್ ಅಥವಾ ಅಕ್ಕನಿಗೊಂದು ಕರೆ ಆಗಿರಬಹುದು.

ಅವರ ಸಾಮಾನು ಮುಟ್ಟಬೇಡಿ, ದಾಟಬೇಡಿ, ಕಸದಂತೆ ಕಂಡರೂ ಎತ್ತಿ ಬಿಸಾಡಬೇಡಿ. ಬಡವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡಿದ್ದರೆ ಹೊತ್ತು ಮುಳುಗುವ ಮುಂಚೆ ಹಿಂದಕ್ಕೆ ಕೊಡು, ಅವನಿಗಿರುವುದು ಅದೊಂದೇ, ಇಲ್ಲದಿದ್ದರೆ ಏನನ್ನು ಹೊದ್ದು ಮಲಗುತ್ತಾನೆ ಎಂದು ವಿಮೋಚನಕಾಂಡದ 22ನೇ ಅಧ್ಯಾಯ ಕೇಳುತ್ತದೆ. ಆ ಕೊಳೆ ಗಂಟಿನಲ್ಲಿ ಔಷಧಿ, ಕಾಗದಪತ್ರ, ಒಂದು ಫೋಟೊ ಇರಬಹುದು.

ನಿದ್ದೆ ಮಾಡುತ್ತಿರುವವರನ್ನು ಎಬ್ಬಿಸಬೇಕೆ? ಸಾಧಾರಣ ರಾತ್ರಿಯಾದರೆ ಬೇಡ, ಬೀದಿಯಲ್ಲಿ ನಿದ್ದೆಯೇ ದುರ್ಲಭ. ಕಾಲುಚೀಲ, ಚೀಟಿ ಪಕ್ಕದಲ್ಲಿಟ್ಟು ಹೊರಡಿ. ಅತಿ ಚಳಿಯ ಅಥವಾ ಮಳೆಯ ರಾತ್ರಿಯಾದರೆ ಎದೆ ಏರಿಳಿಯುತ್ತಿದೆಯೇ ಎಂದು ಮೊದಲು ನೋಡಿ. ಅನುಮಾನವಿದ್ದರೆ ದೂರದಿಂದ ಕೂಗಿ, ಪಾದದ ಬಳಿ ನೆಲವನ್ನು ತಟ್ಟಿ. ಭುಜ ಹಿಡಿದು ಅಲುಗಾಡಿಸಬೇಡಿ. ಹೊಡೆತ ತಿಂದು ಎದ್ದ ಅನುಭವವಿರುವವರು ಕಣ್ಣು ಬಿಡುವ ಮೊದಲೇ ಕೈ ಬೀಸುತ್ತಾರೆ.

ಅಪಾಯ ಗುರುತಿಸುವುದು

ಇಡೀ ಕೈಪಿಡಿಯಲ್ಲಿ ಒಂದೇ ಭಾಗ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ದೇಹದೊಳಗಿನ ಉಷ್ಣತೆ ಸಾಮಾನ್ಯವಾಗಿ 37 ಡಿಗ್ರಿ ಸೆಲ್ಸಿಯಸ್ ಆಸುಪಾಸು. 35ಕ್ಕಿಂತ ಕೆಳಗಿಳಿದರೆ ಹೈಪೋಥರ್ಮಿಯಾ. ಬೀದಿಯಲ್ಲಿ ಥರ್ಮಾಮೀಟರ್ ಹಿಡಿದು ನೋಡಲಾಗುವುದಿಲ್ಲ, ಅದಕ್ಕೆ ಮೂರು ‘ತ’ ನೆನಪಿಡಿ: ತೊದಲುವುದು, ತಡವರಿಸುವುದು, ತೂರಾಡುವುದು. ಮಾತು ತೊದಲುತ್ತದೆ, ಗುಂಡಿ ಹಾಕಲು ಹೋದ ಬೆರಳು ತಡವರಿಸುತ್ತದೆ, ನಿಂತರೆ ಕಾಲು ತೂರಾಡುತ್ತದೆ. ಕುಡಿದವರೂ ಹೀಗೇ ಇರುತ್ತಾರಲ್ಲ ಅನ್ನಬಹುದು. ಹೌದು, ಅದಕ್ಕೇ ಎಷ್ಟೋ ಜನ ‘ಕುಡಿದು ಬಿದ್ದಿದ್ದಾನೆ’ ಎಂಬ ಮಾತಿನಡಿಯಲ್ಲೇ ಸಾಯುತ್ತಾರೆ. ಕುಡಿತವೂ ಹೈಪೋಥರ್ಮಿಯಾವೂ ಒಟ್ಟಿಗೇ ಇರಬಹುದು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆಚ್ಚಗಾದ ಭ್ರಮೆ ಹುಟ್ಟಿಸುತ್ತದೆ, ಒಳಗಿನ ಶಾಖವನ್ನು ಹೊರಗೆ ಬಿಡುತ್ತದೆ. ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳೂ ದೇಹದ ಉಷ್ಣತೆಯ ಹಿಡಿತ ತಪ್ಪಿಸುತ್ತವೆ. ಅನುಮಾನ ಬಂದರೆ ಚಳಿ ಎಂದೇ ಭಾವಿಸಿ.

ನಡುಗುತ್ತಿರುವವರಿಗಿಂತ ನಡುಕ ನಿಂತವರ ಸ್ಥಿತಿ ಕೆಟ್ಟದು. ಒದ್ದೆ ಬಟ್ಟೆಯಲ್ಲಿ ಕೂತು, ನಡುಗದೆ, ‘ನಂಗೇನೂ ಚಳಿ ಇಲ್ಲ’ ಎಂದು ಮಂಪರಿನಲ್ಲಿ ಹೇಳುವವರನ್ನು ಬಿಟ್ಟು ಹೋಗಬಾರದು. ಕೊನೆಯ ಹಂತದಲ್ಲಿ ಕೆಲವರು ಸೆಖೆಯಾಗುತ್ತಿದೆ ಎಂದು ಬಟ್ಟೆಯನ್ನೇ ಕಿತ್ತೆಸೆಯುತ್ತಾರೆ.

ಮಾಡಬೇಕಾದದ್ದು: ತುರ್ತು ಸೇವೆಗೆ ಕರೆ ಮಾಡಿ. ಮೆಲ್ಲಗೆ, ಅಡ್ಡಲಾಗಿ ಮಲಗಿಸಿ. ಒರಟಾಗಿ ಎಳೆದಾಡಿದರೆ ತಣ್ಣಗಾದ ಹೃದಯದ ಲಯ ತಪ್ಪಬಹುದು. ಮೈಕೆಳಗೆ ಚಾಪೆ ಅಥವಾ ರಟ್ಟು. ಗಾಳಿ, ಮಳೆಗೆ ಮರೆ. ಒದ್ದೆ ಬಟ್ಟೆಯನ್ನು ಎಳೆಯುವ ಬದಲು ಕತ್ತರಿಸಿ ತೆಗೆದು, ಒಣಗಿದ್ದನ್ನು ತಲೆ ಸಮೇತ ಸುತ್ತಿ. ಬೆಚ್ಚಗಿನ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆ, ಕಂಕುಳು, ತೊಡೆಸಂದಿಗೆ ಇಡಿ. ಮೊದಲು ಬೆಚ್ಚಗಾಗಬೇಕಾದದ್ದು ನಡುಭಾಗ, ಕೈಕಾಲಲ್ಲ. ಪೂರ್ತಿ ಎಚ್ಚರವಿದ್ದು ಸರಿಯಾಗಿ ನುಂಗಬಲ್ಲವರಿಗೆ ಬೆಚ್ಚಗಿನ ಸಿಹಿ ಪಾನೀಯ ಕೊಡಬಹುದು. ಕೈಕಾಲು ತಿಕ್ಕಬಾರದು, ಬೆಂಕಿಯ ಪಕ್ಕ ಕೂರಿಸಬಾರದು, ಮದ್ಯ ಖಂಡಿತ ಬೇಡ. ಉಸಿರು, ನಾಡಿ ಬಹಳ ನಿಧಾನವಾಗಿ ಗೊತ್ತಾಗದೇ ಇರಬಹುದು. ಸತ್ತಿದ್ದಾರೆಂದು ನೀವೇ ತೀರ್ಮಾನಿಸಬೇಡಿ. ಫೋನಿನಲ್ಲಿರುವವರು ಹೇಳಿದಂತೆ ಮಾಡುತ್ತಾ ಇರಿ.

ಆಂಬುಲೆನ್ಸ್ ಬರುವವರೆಗೆ ಅಲ್ಲೇ ಇರಿ, ಬಂದ ಮೇಲೆ ಒಳಗೆ ಹತ್ತಿಸಿಕೊಳ್ಳುವವರೆಗೂ ಇರಿ. 1983ರ ಜನವರಿ 31ರಂದು ರೋಮಿನ ತೆರ್ಮಿನಿ ರೈಲು ನಿಲ್ದಾಣದ ಬಳಿ ಬೀದಿಯಲ್ಲೇ ಬದುಕುತ್ತಿದ್ದ ಮೊದೆಸ್ತಾ ವಲೆಂತಿ ಎಂಬ ವೃದ್ಧೆ ಅಸ್ವಸ್ಥಳಾಗಿ ಬಿದ್ದಳು. ಆಂಬುಲೆನ್ಸ್ ಬಂತು, ಅವಳ ಮೈಯಲ್ಲಿ ಹೇನು, ಕೊಳೆ ಇದೆಯೆಂದು ಹತ್ತಿಸಿಕೊಳ್ಳಲಿಲ್ಲ. ಅವಳು ಅಲ್ಲೇ ಸತ್ತಳು. ಮನೆಯಿಲ್ಲದವರು ನಾಗರಿಕ ದಾಖಲೆಗೆ ಬರೆಸಿಕೊಳ್ಳಲು ರೋಮ್ ನಗರ ಮುಂದೆ ಒಂದು ಕಲ್ಪಿತ ರಸ್ತೆಯನ್ನು ಸೃಷ್ಟಿಸಿ ಅವಳ ಹೆಸರಿಟ್ಟಿತು. ಚೊಕ್ಕ ಬಟ್ಟೆಯ ಒಬ್ಬ ಮನುಷ್ಯ ಪಕ್ಕದಲ್ಲಿ ನಿಂತು ‘ಇವರ ಹೆಸರು ಇದು, ಇಷ್ಟು ಹೊತ್ತಿನಿಂದ ಹೀಗಿದ್ದಾರೆ’ ಎಂದು ಹೇಳುವುದರಿಂದ ಚಿಕಿತ್ಸೆಯ ವೇಗ ಬದಲಾಗುತ್ತದೆ. ಹಾಗಾಗಬಾರದು, ಆದರೆ ಆಗುತ್ತದೆ.

ಬೆರಳು, ಮೂಗು, ಕಿವಿಯ ತುದಿ ಮೇಣದಂತೆ ಬಿಳಚಿಯೋ ಬೂದಿ ಬಣ್ಣಕ್ಕೆ ತಿರುಗಿಯೋ ಗಟ್ಟಿಯಾಗಿ, ಸ್ಪರ್ಶ ಹೋಗಿದ್ದರೆ ಅದು ಹಿಮಕಡಿತ. ತಿಕ್ಕಬೇಡಿ. ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ ಅಲ್ಲೇ ಬಿಸಿ ಮಾಡಲೂ ಬೇಡಿ, ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ ಭಾಗಕ್ಕೆ ಹೆಚ್ಚು ಹಾನಿ. ಆಸ್ಪತ್ರೆಗೆ ಕಳಿಸಿ.

ಟೆಂಟು, ಮುಚ್ಚಿದ ವಾಹನದೊಳಗೆ ಕೆಂಡವೋ ಒಲೆಯೋ ಉರಿಯುತ್ತಿದ್ದರೆ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲ ನೆನಪಾಗಲಿ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಬಂದರೆ ತಕ್ಷಣ ಹೊರಗಿನ ಗಾಳಿಗೆ. ಉಸಿರು ತೀರಾ ನಿಧಾನವಾಗಿ, ತುಟಿ ನೀಲಿಯಾಗಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ ಮಾದಕವಸ್ತು ಮಿತಿಮೀರಿರಬಹುದು. ಅಂಥ ಬೀದಿಗಳಿಗೆ ಹೋಗುವ ತಂಡ ನಲೊಕ್ಸೋನ್ (ಅಫೀಮಿನ ಬಗೆಯ ಮಾದಕವಸ್ತುವಿನ ಪರಿಣಾಮ ಇಳಿಸುವ ಔಷಧಿ) ಬಳಸಲು ಮೊದಲೇ ಕಲಿತಿರಲಿ.

ಪ್ರಾರ್ಥನೆ, ಸುವಾರ್ತೆ

ಇದರ ಬಗ್ಗೆ ತಂಡದೊಳಗೇ ಜಗಳವಾಗುತ್ತದೆ, ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟವಾಗಿ ಹೇಳುತ್ತೇನೆ. ಊಟಕ್ಕೆ ಮೊದಲು ಪ್ರಸಂಗ ಬೇಡ. ಹಸಿದು ಸಾಲಿನಲ್ಲಿ ನಿಂತವರು ‘ಆಮೆನ್’ ಅಂದರೆ ಅದನ್ನು ವಿಶ್ವಾಸ ಎಂದು ಲೆಕ್ಕ ಹಾಕಿಕೊಳ್ಳುವುದು ನಮಗೂ ಒಳ್ಳೆಯದಲ್ಲ, ಅವರಿಗೂ ಒಳ್ಳೆಯದಲ್ಲ. ಊಟದ ಪೊಟ್ಟಣದೊಳಗೆ ಕರಪತ್ರ ತುರುಕಬೇಡಿ. ಮತ್ತಾಯನ 25ನೇ ಅಧ್ಯಾಯದಲ್ಲಿ ಹಸಿದವನಿಗೆ ಉಣಿಸಿದವರು ‘ಕರ್ತನೇ, ನಿನ್ನನ್ನು ಯಾವಾಗ ಹಸಿದವನಾಗಿ ಕಂಡೆವು?’ ಎಂದು ಬೆರಗಾಗುತ್ತಾರೆ. ಯಾರಿಗೆ ಕೊಡುತ್ತಿದ್ದೇವೆಂಬುದು ಕೊಡುವಾಗ ಅವರಿಗೆ ಗೊತ್ತೇ ಇರಲಿಲ್ಲ.

ಹಾಗೆಂದು ಪ್ರಾರ್ಥನೆಯನ್ನು ಬಚ್ಚಿಡಬೇಕಾಗಿಲ್ಲ. ಕೊಡಬೇಕಾದದ್ದನ್ನೆಲ್ಲ ಕೊಟ್ಟಾದ ಮೇಲೆ, ಮಾತು ಬೆಳೆದಿದ್ದರೆ, ‘ನಿಮಗೋಸ್ಕರ ಪ್ರಾರ್ಥಿಸಲೇ, ಏನಾದರೂ ಇದೆಯಾ?’ ಎಂದು ಒಮ್ಮೆ ಕೇಳಿ. ಬೇಡ ಅಂದರೆ ಮುಖದಲ್ಲಿ ಬೇಸರ ಕಾಣಬಾರದು. ಬೇಕು ಅಂದರೆ ಚಿಕ್ಕದಾಗಿ, ಮೆಲ್ಲಗೆ, ಅವರು ಹೇಳಿದ ವಿಷಯಕ್ಕೇ ಪ್ರಾರ್ಥಿಸಿ; ಅವರ ಬದುಕನ್ನು ತಿದ್ದುವ ಬುದ್ಧಿಮಾತನ್ನು ದೇವರ ಹೆಸರಿನಲ್ಲಿ ಸೇರಿಸಬೇಡಿ. ತಲೆಯ ಮೇಲೆ ಕೈಯಿಡುವ ಮೊದಲು ಕೇಳಿ. ಮತ್ತಿನಲ್ಲಿರುವವರಿಂದ, ಮಕ್ಕಳಿಂದ ಯಾವ ತೀರ್ಮಾನವನ್ನೂ ಕೇಳಬಾರದು. ಬೇರೆ ಧರ್ಮದವರು ತಮ್ಮ ದೇವರ ಹೆಸರಿನಲ್ಲಿ ನಿಮ್ಮನ್ನು ಹರಸಿದರೆ ಸಂತೋಷದಿಂದ ತಲೆಬಾಗಿ. ನಿಮಗಾಗಿ ಪ್ರಾರ್ಥಿಸುತ್ತೇನೆ ಅನ್ನುವವರೂ ಬೀದಿಯಲ್ಲಿ ಸಿಗುತ್ತಾರೆ, ಮೊಣಕಾಲೂರುವ ವಿಷಯದಲ್ಲಿ ಅವರು ನಮಗಿಂತ ಅನುಭವಸ್ಥರಾಗಿರುತ್ತಾರೆ.

ಯಾಕೋಬ ತನ್ನ ಪತ್ರಿಕೆಯ ಎರಡನೇ ಅಧ್ಯಾಯದಲ್ಲಿ, ಬಟ್ಟೆಯಿಲ್ಲದವರಿಗೆ ಏನೂ ಕೊಡದೆ ‘ಸಮಾಧಾನದಿಂದ ಹೋಗಿ, ಬೆಚ್ಚಗಿರಿ’ ಅನ್ನುವವರನ್ನು ಚುಚ್ಚುತ್ತಾನೆ. ಚಳಿಗಾಲದ ತಂಡಕ್ಕೆ ಇದಕ್ಕಿಂತ ನೇರವಾದ ವಚನ ಬೈಬಲ್ಲಿನಲ್ಲಿ ನನಗೆ ಕಂಡಿಲ್ಲ.

ತಂಗುದಾಣಕ್ಕೆ ಬರೋದಿಲ್ಲ ಅಂದರೆ

ಹೊಸ ಕಾರ್ಯಕರ್ತರು ಇಲ್ಲಿ ತಾಳ್ಮೆ ಕಳೆದುಕೊಳ್ಳುತ್ತಾರೆ. ಬೆಚ್ಚಗಿನ ಹಾಸಿಗೆ ಇದ್ದೂ ಬರುವುದಿಲ್ಲ ಅಂದರೆ ಹಟ ಎಂದೇ ತೋರುತ್ತದೆ. ಕಾರಣ ಕೇಳಿ ನೋಡಿ: ಹಿಂದಿನ ಸಲ ಅಲ್ಲಿ ಶೂ ಕದ್ದರು, ನಾಯಿಯನ್ನು ಬಿಡುವುದಿಲ್ಲ, ಗಂಡನನ್ನು ಬೇರೆ ಕಟ್ಟಡಕ್ಕೆ ಕಳಿಸುತ್ತಾರೆ, ನಸುಕಿನ ಕೆಲಸಕ್ಕೆ ಹೊರಡಲು ಬಾಗಿಲು ತೆರೆದಿರುವುದಿಲ್ಲ, ತುಂಬಿದ ಕೋಣೆಯಲ್ಲಿ ಉಸಿರು ಕಟ್ಟುತ್ತದೆ. ಬಹುತೇಕ ಕಾರಣಗಳು ನ್ಯಾಯವಾದವು, ಕೆಲವನ್ನು ಒಂದು ಫೋನ್ ಕರೆಯಲ್ಲಿ ಸರಿಪಡಿಸಲೂಬಹುದು. ಆದರೂ ಬೇಡ ಅಂದರೆ ಚಾಪೆ, ಒಣ ಕಾಲುಚೀಲ ಕೊಟ್ಟು, ಆ ರಾತ್ರಿ ಇನ್ನೊಂದು ಸುತ್ತು ಬಂದು ನೋಡಿ. ಮಾತು ತೊದಲುತ್ತಿದ್ದರೆ ಆಗ ಅದು ಅವರ ಇಷ್ಟದ ಪ್ರಶ್ನೆಯಲ್ಲ, ತುರ್ತು ಸೇವೆಗೆ ಕರೆ ಮಾಡಿ.

ಫೋಟೊ, ಹಣ

ಫೋಟೊ ಬೇಡ. ಬೆನ್ನಿನಿಂದ, ಮುಖ ಮಸುಕಾಗಿಸಿ ಅನ್ನುವ ರಿಯಾಯಿತಿಯೂ ಬೇಡ. ದಾನಿಗಳಿಗೆ ತೋರಿಸಲು ಕಟ್ಟಿಟ್ಟ ಚೀಲಗಳ ಚಿತ್ರ ಸಾಕು. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬಂದವಳ ಜಾಗವನ್ನು ನಿಮ್ಮ ಒಂದು ಚಿತ್ರ ಬಯಲು ಮಾಡಬಹುದು. ನಗದು ಕೊಡುವುದೋ ಬೇಡವೋ ಎಂದು ತಂಡವಾಗಿ ಮೊದಲೇ ನಿರ್ಧರಿಸಿ. ಒಬ್ಬರು ಕೊಟ್ಟು ಇನ್ನೊಬ್ಬರು ಕೊಡದಿದ್ದರೆ ಮುಂದಿನ ವಾರ ಮಾತೆಲ್ಲ ಅದರದ್ದೇ.

ಮರಳಿದ ಮೇಲೆ

ಮನೆಗೆ ಹೋಗುವ ಮುನ್ನ ಕಾಲು ಗಂಟೆ ಕುಳಿತು ಮಾತಾಡಿ. ಯಾರಿಗೆ ಏನು ಮಾತು ಕೊಟ್ಟಿದ್ದೇವೆ, ಯಾರು ಕಾಣಲಿಲ್ಲ, ಯಾರನ್ನು ನರ್ಸಿಗೆ ತೋರಿಸಬೇಕು, ಇಷ್ಟನ್ನು ಒಬ್ಬರು ಬರೆದಿಡಲಿ. ಕಾಯಿಲೆ, ಕುಟುಂಬದ ವಿಷಯ ಪುಸ್ತಕದಲ್ಲಿ ಬೇಡ; ಭಾನುವಾರದ ಪ್ರಾರ್ಥನಾ ಕೋರಿಕೆಯಲ್ಲಂತೂ ಹೆಸರು ಹಿಡಿದು ಹೇಳಲೇಬಾರದು. ಕೊಟ್ಟ ಮಾತು ಚಿಕ್ಕದಾಗಿರಲಿ: ‘ಕನ್ನಡಕ ಸಿಗುತ್ತಾ ವಿಚಾರಿಸ್ತೀನಿ, ಮುಂದಿನ ವಾರ ಹೇಳ್ತೀನಿ.’ ಸಿಗದಿದ್ದರೂ ಮುಂದಿನ ವಾರ ಹೋಗಿ ಸಿಗಲಿಲ್ಲ ಎಂದು ಹೇಳಬೇಕು.

ಒಂದಲ್ಲ ಒಂದು ಚಳಿಗಾಲದಲ್ಲಿ ನಿಮಗೆ ಗೊತ್ತಿದ್ದವರೊಬ್ಬರು ಸಾಯುತ್ತಾರೆ. ಶವಸಂಸ್ಕಾರ ಎಲ್ಲಿ, ಯಾರ ಹೊಣೆ ಎಂದು ವಿಚಾರಿಸಿ, ಅವರ ಬೀದಿಯ ಗೆಳೆಯರಿಗೆ ತಿಳಿಸಿ, ಬರುವವರಿಗೆ ವಾಹನದ ವ್ಯವಸ್ಥೆ ಮಾಡಿ. ಸತ್ತವರ ಧರ್ಮ ಬೇರೆಯಾಗಿದ್ದರೆ ಆ ರೀತಿಯಲ್ಲೇ ನಡೆಯಲಿ. ತಂಡದಲ್ಲಿ ಯಾರಿಗಾದರೂ ನಿದ್ದೆ ಬಾರದೆ, ಆ ಮುಖವೇ ಕಣ್ಣ ಮುಂದೆ ಬರುತ್ತಿದ್ದರೆ ಕೆಲವು ವಾರ ಬಿಡುವು ಕೊಡಿ. ಆಪ್ತಸಲಹೆಗಾರರನ್ನು ಕಾಣುವುದು ವಿಶ್ವಾಸದ ಕೊರತೆ ಎಂದು ಹೇಳಲು ಯಾರಿಗೂ ಬಿಡಬೇಡಿ.

ಚಳಿಗಾಲ ಮುಗಿಯುವಾಗ

ಒಂದು ವಾರ ಇದ್ದಕ್ಕಿದ್ದಂತೆ ಹೋಗದೇ ಇರಬೇಡಿ. ಕೊನೆಯ ರಾತ್ರಿ ಯಾವುದೆಂದು ಮೂರು ವಾರ ಮೊದಲಿಂದಲೇ ಎಲ್ಲರಿಗೂ ಹೇಳುತ್ತಾ ಬನ್ನಿ, ಆಮೇಲೆ ಯಾರ ಬಳಿ ಹೋಗಬಹುದೆಂದು ಹೊಸ ಮಾಹಿತಿ ಚೀಟಿ ಕೊಡಿ. ನಿಲ್ಲಿಸದೆ ತಿಂಗಳಿಗೊಮ್ಮೆಯಾದರೂ ಹೋಗಲು ಸಾಧ್ಯವಿದ್ದರೆ ಇನ್ನೂ ಒಳ್ಳೆಯದು. ಬೇಸಗೆಯ ಬಿಸಿಲೂ ಬಯಲಿನಲ್ಲಿರುವವರನ್ನು ಕೊಲ್ಲುತ್ತದೆ, ಆಗ ಚೀಲದಲ್ಲಿ ಕುಡಿಯುವ ನೀರು, ಟೋಪಿ. ಫ್ಲಾಸ್ಕುಗಳನ್ನು ತೊಳೆದು ಮುಚ್ಚಳ ತೆರೆದೇ ಒಣಗಿಸಿಡಿ. ಉಳಿದ ಸಾಮಾನನ್ನು ಎಣಿಸಿ, ಯಾವುದು ಮೊದಲು ಖಾಲಿಯಾಯಿತು, ಯಾವುದನ್ನು ಯಾರೂ ಕೇಳಲಿಲ್ಲ ಎಂದು ಪಟ್ಟಿ ಮಾಡಿ, ಮುಂದಿನ ಚಳಿ ಶುರುವಾಗುವ ಎರಡು ತಿಂಗಳ ಮೊದಲು ಸಭೆಯ ಮುಂದಿಡಿ.